ಬ್ಯಾನರಿನಲ್ಲಿ ಎಲ್ಲರೂ ಬೆಳ್ಳಗೆ

ವಿಜಯಪುರದ ಸೊಲ್ಲಾಪುರ ರಸ್ತೆ ಹಿಡಿದು ಬಿಎಲ್‌ಡಿಇ ವೈದ್ಯಕೀಯ ಕಾಲೇಜಿನ ಕಡೆ ಹೊರಟರೆ ಒಂದಿಲ್ಲೊಂದು ಹುಟ್ಟುಹಬ್ಬದ ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಮೇಲೆ ಸಾಹೇಬರು, ಕೆಳಗೆ ಸಾಲಾಗಿ ಗೆಳೆಯರ ಬಳಗ. ಎಲ್ಲರ ಮುಖಕ್ಕೂ ಒಂದೇ ಬಣ್ಣ, ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ. ಅದೇ ಹುಡುಗರು ಪಕ್ಕದ ಚಹಾದಂಗಡಿಯಲ್ಲಿ ನಿಂತಿದ್ದರೂ ಗುರುತು ಹಿಡಿಯಲು ಕೆಳಗಿನ ಹೆಸರು ಓದಬೇಕು. ಬಿಸಿಲೂರಿನ, ಎರಿ ಹೊಲದ ಮಂದಿ ನಾವು. ಎಣ್ಣೆಗಪ್ಪು, ಕೆಂಗಪ್ಪು, ಗೋದಿ ಬಣ್ಣ ಎಂದು ನಮ್ಮ ಮೈಬಣ್ಣಕ್ಕೆ ಎಷ್ಟು ಬಗೆ! ಅಷ್ಟನ್ನೂ ದುಡ್ಡು ಕೊಟ್ಟು ಅಳಿಸಿಕೊಳ್ಳುತ್ತಿದ್ದೇವೆ.

ಈ ಅಳಿಸುವಿಕೆಯಲ್ಲಿ ಕೈಯಲ್ಲಿನ ಫೋನಿಗೂ ಪಾಲಿದೆ. ಆದರೆ ಮೊಬೈಲ್ ಅಂಗಡಿಯಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್? ಅಂಗಡಿಯವರು 108 ಅನ್ನುತ್ತಾರೆ, 200 ಅನ್ನುತ್ತಾರೆ. ಗೋಡೆಗೆ ಹಾಕುವ 4x6 ಇಂಚಿನ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಚೊಕ್ಕವಾಗಿ ಮುದ್ರಿಸಲು ಬೇಕಾದದ್ದು ಸುಮಾರು 22 ಲಕ್ಷ ಪಿಕ್ಸೆಲ್, ಅಂದರೆ ಎರಡು ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚು. ಎ4 ಹಾಳೆಯಷ್ಟು ದೊಡ್ಡದಕ್ಕೂ ಒಂಬತ್ತು ಸಾಕು. ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಬೇರೆ. ಜತೆಗೆ ಬಂದವರನ್ನು ಬಾಗಿಲ ಬಳಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಪರದೆಯ ಮೇಲಿನ ಮುಖವನ್ನೂ ಎದುರಿನ ಮುಖವನ್ನೂ ನೋಡಿ. ಎರಡೂ ಒಬ್ಬರದ್ದೇ ಅನ್ನಿಸಿದರೆ ಮಾತ್ರ ಚೌಕಾಶಿಗೆ ಇಳಿಯಿರಿ.

ಈ ಬೆಳ್ಳಗಾಗುವಿಕೆಯಲ್ಲಿ ಅರ್ಧ ಕ್ಯಾಮೆರಾದ ಹುಟ್ಟುಗುಣ. ಎದುರಿಗೆ ಏನೇ ಇರಲಿ, ಸರಾಸರಿಗೆ ಅದು ಮಧ್ಯಮ ಬೂದು ಬಣ್ಣದ್ದು ಎಂದುಕೊಂಡೇ ಕ್ಯಾಮೆರಾ ಬೆಳಕನ್ನು ಅಳೆಯುತ್ತದೆ. ಎಮ್ಮೆಯನ್ನು ಚೌಕಟ್ಟಿನ ತುಂಬ ಹಿಡಿಯಿರಿ. ಕತ್ತಲಾಯಿತೆಂದು ಬಗೆದು ಬೆಳಕು ಏರಿಸುತ್ತದೆ, ಎಮ್ಮೆ ಬೂದಿ ಬಡಿದುಕೊಂಡು ನಿಲ್ಲುತ್ತದೆ. ಬಿಳಿ ಧೋತರ, ಬಿಳಿ ಅಂಗಿ, ಗಾಂಧಿ ಟೋಪಿಯ ಯಜಮಾನರನ್ನು ಹತ್ತಿರದಿಂದ ತೆಗೆದರೆ ಬೆಳಕು ಇಳಿಸಿ ಅಂಗಿಯನ್ನು ಮಾಸಿದಂತೆ ಮಾಡುತ್ತದೆ. ಬಬಲೇಶ್ವರದ ಕಡೆ ಮಳೆ ಬಿದ್ದ ಮರುದಿನ ಎರಿ ಹೊಲ ಕಾಡಿಗೆಯಷ್ಟು ಕಪ್ಪಿರುತ್ತದೆ. ಫೋನಿನಲ್ಲಿ ನೋಡಿದರೆ ರಸ್ತೆ ಬದಿಯ ಧೂಳು. ಈಗಿನ ಫೋನುಗಳು ಮುಖ ಗುರುತಿಸಿ ಅಳೆಯುವಷ್ಟು ಜಾಣವಾಗಿವೆ, ಆದರೂ ಚಾಳಿ ಪೂರ್ತಿ ಹೋಗಿಲ್ಲ. ಇದಕ್ಕೆ ಮದ್ದು ನಿಮ್ಮ ಬೆರಳಲ್ಲೇ ಇದೆ. ಪರದೆಯ ಮೇಲೆ ಮುಖವನ್ನು ಮುಟ್ಟಿದರೆ ಹೆಚ್ಚಿನ ಫೋನುಗಳಲ್ಲಿ ಸೂರ್ಯನ ಗುರುತೊಂದು ಮೂಡುತ್ತದೆ. ಅದನ್ನು ತುಸು ಕೆಳಗೆ ಎಳೆಯಿರಿ. ಕಪ್ಪು ಕಪ್ಪಾಗಿಯೇ ಬರುತ್ತದೆ.

ಇನ್ನರ್ಧ ಬೇಕೆಂದೇ ಮಾಡಿದ್ದು. ಸೆಲ್ಫಿ ಕ್ಯಾಮೆರಾದಲ್ಲಿ ‘ಬ್ಯೂಟಿ’ ಎಂಬ ಸೌಲಭ್ಯವಿದೆ. ಎಷ್ಟೋ ಫೋನುಗಳಲ್ಲಿ ಅದು ಪೆಟ್ಟಿಗೆ ಬಿಚ್ಚುವಾಗಲೇ ಚಾಲೂ ಇರುತ್ತದೆ. ಚರ್ಮ ನಯ ಮಾಡುತ್ತದೆ, ಬಣ್ಣ ತಿಳಿ ಮಾಡುತ್ತದೆ, ಕೆಲವಂತೂ ಗಲ್ಲವನ್ನೂ ಕೆತ್ತುತ್ತವೆ. ಗೂಗಲ್ 2020ರಲ್ಲಿ ತನ್ನ ಪಿಕ್ಸೆಲ್ ಫೋನುಗಳಲ್ಲಿ ಇದನ್ನು ಮೊದಲಿನಿಂದಲೇ ಆಫ್ ಇಡಲು ತೀರ್ಮಾನಿಸಿತು. ಮರುವರ್ಷ ಕಪ್ಪು ಮೈಬಣ್ಣ ಸರಿಯಾಗಿ ಮೂಡಲೆಂದು ಬೇರೆ ಏರ್ಪಾಡನ್ನೂ ತಂದಿತು. ಉಳಿದವರಿಗೆ ಅವಸರವೇನೂ ಇದ್ದಂತಿಲ್ಲ.

ನಮ್ಮೂರಿನ ಬಣ್ಣ ಕ್ಯಾಮೆರಾಕ್ಕೆ ಎಂದೂ ಸರಿಯಾಗಿ ಕಂಡಿದ್ದಿಲ್ಲ. 1855ರಲ್ಲಿ ಬಾಂಬೆ ಸರ್ಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಫೋಟೋ ತೆಗೆಯಲು ನೇಮಿಸಿತು. ಆತ ನಮ್ಮ ವಿಜಯಪುರದಲ್ಲಿ, ಅಂದಿನ ಬಿಜಾಪುರದಲ್ಲಿ, ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅದಕ್ಕೆ ಇತಿಹಾಸ ಬರೆದುಕೊಟ್ಟವನು ಹಿಂದೆ ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಆ ಕಾಲದ ಕಾಗದದ ನೆಗೆಟಿವ್ ಹೆಚ್ಚುಕಡಿಮೆ ನೀಲಿ ಬೆಳಕಿಗಷ್ಟೇ ಸ್ಪಂದಿಸುತ್ತಿತ್ತು. ಆಕಾಶ ಬೋಳಾಗಿ ಬೆಳ್ಳಗಾದರೆ, ಕೆಂಪು, ಕಂದು ಎಲ್ಲವೂ ಇದ್ದುದಕ್ಕಿಂತ ಕಪ್ಪಗೆ ಬೀಳುತ್ತಿದ್ದವು. ಬಣ್ಣದ ಫಿಲ್ಮ್ ಬಂದಾಗ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಅಳತೆಗೆಂದು ಒಂದು ಕಾರ್ಡು ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿ ಹೆಂಗಸಿನ ಮುಖ. ‘ಶರ್ಲಿ ಕಾರ್ಡ್’ ಎಂದೇ ಹೆಸರು. ಆಕೆಯ ಕೆನ್ನೆ ಸರಿ ಬಂದರೆ ಪ್ರಿಂಟ್ ಸರಿ. ಕಂದು ಬಣ್ಣ ಸರಿ ಬರುತ್ತಿಲ್ಲವೆಂದು ಚಾಕೊಲೇಟಿನವರೂ ಪೀಠೋಪಕರಣದವರೂ ತಕರಾರು ತೆಗೆದದ್ದು ಫಿಲ್ಮ್ ಸುಧಾರಿಸಲು ಒಂದು ಕಾರಣವಾಯಿತಂತೆ. ಮೇಜು ಕುರ್ಚಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ತಡವಾಗಿ ಸಿಕ್ಕಿತು. ಬೇರೆ ಬೇರೆ ಮೈಬಣ್ಣದವರು ಆ ಕಾರ್ಡಿನಲ್ಲಿ ಕಾಣಿಸಿಕೊಂಡದ್ದು 1990ರ ದಶಕದಲ್ಲಿ.

ಬಣ್ಣ ತಪ್ಪಿದರೆ ನಷ್ಟವೇನು ಎಂದು ಕೇಳುವವರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರನ್ನು ಕೇಳಲಿ. ಒಣದ್ರಾಕ್ಷಿಯ ದರ ನಿಲ್ಲುವುದು ಬಣ್ಣದ ಮೇಲೆ. ಹಸಿರು, ಹಳದಿ ಮಾಲಿಗೆ ಹೆಚ್ಚು, ಕಪ್ಪಿಗೆ ಕಡಿಮೆ. ಶೆಡ್ಡಿನ ಹಸಿರು ನೆಟ್ಟಿನ ಕೆಳಗೆ ಫೋಟೋ ತೆಗೆದು ವಾಟ್ಸ್ಆ್ಯಪಿನಲ್ಲಿ ಸಾಂಗ್ಲಿ, ತಾಸಗಾಂವದ ವ್ಯಾಪಾರಿಗೆ ಕಳಿಸಿದರೆ, ಆ ಹಸಿರು ಕಾಳಿನದೋ ನೆಟ್ಟಿನದೋ ಹೇಳುವವರು ಯಾರು? ಮಾಲು ನೋಡಿದ ಮೇಲೆ ವ್ಯಾಪಾರಿ ದರ ಇಳಿಸಿದರೆ ತಪ್ಪು ಫೋನಿನದು, ಹೊರೆ ರೈತನದು. ಮಾದರಿಯನ್ನು ಬಯಲಿಗೆ ತಂದು, ನೆರಳಲ್ಲಿ ಬಿಳಿ ಹಾಳೆಯ ಮೇಲೆ ಹರವಿ ತೆಗೆಯುವುದೇ ಸರಿ.

ಮುಖಗಳನ್ನೇಕೆ ಬೆಳ್ಳಗೆ ಮಾಡುತ್ತೀರಿ ಎಂದು ಸ್ಟುಡಿಯೋದವರನ್ನು ಕೇಳಿದರೆ ಅವರ ಉತ್ತರ ಸಿದ್ಧವಿರುತ್ತದೆ: “ಗಿರಾಕಿನ ಹೇಳ್ತಾರ್ರಿ ಸರ, ಸ್ವಲ್ಪ ಬೆಳ್ಳಗ ಮಾಡ್ರಿ ಅಂತ.” ಮಾತು ಸುಳ್ಳಲ್ಲ. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಕಳಿಸುವ ಫೋಟೋದಿಂದಲೇ ಈ ತಿದ್ದುವಿಕೆ ಶುರು. ಆಮೇಲೆ ಹುಡುಗನ ಕಡೆಯವರು ಬಂದು ಫೋಟೋದ ಹುಡುಗಿಯನ್ನು ಹುಡುಕುತ್ತಾರೆ. ಎದುರಿಗೆ ಕೂತವಳು ತಾನು ಮಾಡದ ತಪ್ಪಿಗೆ ತಲೆ ತಗ್ಗಿಸುತ್ತಾಳೆ. ಇದರಲ್ಲಿ ಸ್ಟುಡಿಯೋದವರ ಪಾಲು ಕಡಿಮೆ, ನಮ್ಮದೇ ಹೆಚ್ಚು ಎಂಬುದು ನನ್ನ ತೀರ್ಪು.

ಮನೆಯಲ್ಲಿ ಮದುವೆ ಇದ್ದವರಲ್ಲಿ ಒಂದು ವಿನಂತಿ. ಫೋಟೋದವರಿಗೆ ಮುಂಗಡ ಕೊಡುವಾಗ ಇಷ್ಟು ಹೇಳಿಬಿಡಿ: “ನಮ್ಮ ಹುಡುಗಿ ಹೆಂಗ ಅದಾಳ, ಹಂಗ ತೆಗೀರಿ.” ಆಲ್ಬಂನಲ್ಲಿ ಅವಳು ಬೆಳ್ಳಗಾಗಿ ಬಂದರೆ ಬಾಕಿ ಕೊಡುವ ಮೊದಲು ವಾಪಸ್ ಕಳಿಸಿ.