ಬಿಕ್ಕಲಂ ಯಂತ್ರದ್ದಿರಲಿ, ಅನುಭವ ನಿಮ್ಮದಿರಲಿ



ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕ್ರಯಪತ್ರವೋ ಪಾಲುಪಟ್ಟಿಯೋ ಇದ್ದರೆ ಒಮ್ಮೆ ತೆಗೆದು ಅದರ ಕೊನೆಯ ಸಾಲುಗಳನ್ನು ನೋಡಿ. ಬರೆದದ್ದನ್ನು ಓದಿಸಿ ಕೇಳಿ ಒಪ್ಪಿದ್ದೇವೆಂದು ಹೇಳಿ, ಕೆಳಗೆ ಬರೆಸಿಕೊಟ್ಟವರ ರುಜುವೋ ಹೆಬ್ಬೆಟ್ಟಿನ ಗುರುತೋ ಇರುತ್ತದೆ. ಪತ್ರ ಬರೆದವರ ಹೆಸರು 'ಬಿಕ್ಕಲಂ' ಎಂದು ಬೇರೆಯಾಗಿಯೇ ಇರುತ್ತದೆ. ಬರೆದ ಕೈ ಒಬ್ಬರದು, ಮಾತಿನ ಹೊಣೆ ಇನ್ನೊಬ್ಬರದು. ಅಕ್ಷರ ಬಾರದ ನಮ್ಮ ಹಿರಿಯರು ಕೂಡ ಈ ವ್ಯತ್ಯಾಸವನ್ನು ಮರೆತಿರಲಿಲ್ಲ. ಅಕ್ಷರ ಬಲ್ಲ ನಾವು ಈಗ ಅದನ್ನು ಮರೆಯುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕ ಸಾರ್ವಜನಿಕರ ಕೈಗೆ ಬಂದಿತು. ಅದರ ಬೆನ್ನಿಗೇ ಅಂಥವು ಇನ್ನೂ ಹಲವು ಬಂದು ನಮ್ಮ ಮೊಬೈಲುಗಳಲ್ಲಿ ಕುಳಿತಿವೆ. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಬರೆದುಕೊಡುತ್ತವೆ. ಬ್ಯಾಂಕಿಗೆ ಅರ್ಜಿ, ಪಂಚಾಯಿತಿಗೆ ಮನವಿ, ವಿದ್ಯುತ್ ಕಚೇರಿಗೆ ದೂರು ಇವನ್ನು ಅವುಗಳಿಂದ ಬರೆಸಿದರೆ ನನ್ನ ತಕರಾರೇನೂ ಇಲ್ಲ. ಆದರೆ 'ನನ್ನ ಅನುಭವ' ಎಂಬ ತಲೆಬರಹದ ಲೇಖನವನ್ನೂ ಯಂತ್ರದಿಂದಲೇ ಬರೆಸಿ ಕೆಳಗೆ ನಮ್ಮ ಹೆಸರು ಹಾಕುವುದು ಸರಿಯೇ? ಬೇರೆಯವರನ್ನು ದೂರುವುದಕ್ಕಿಂತ ನಾನು ಮಾಡಿದ್ದನ್ನೇ ಹೇಳುತ್ತೇನೆ.

ನಮ್ಮದು ಮಲೆನಾಡಿನಲ್ಲಿ ಎರಡು ಎಕರೆ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಕೊಳೆರೋಗದಿಂದ ಪಟ್ಟ ಪಾಡನ್ನು ಬರೆಯೋಣವೆಂದು ಕುಳಿತೆ. ಎರಡು ಸಾಲಿಗೇ ಪೆನ್ನು ನಿಂತಿತು. ಅಣ್ಣನ ಮಗ ಮೊಬೈಲು ತೆಗೆದು, 'ಕೊಳೆರೋಗ ತಡೆದ ಅಡಿಕೆ ಬೆಳೆಗಾರನ ಅನುಭವ ಬರೆದುಕೊಡು' ಎಂದ. ನಾನು ಕಾಫಿ ಕುಡಿದು ಲೋಟ ಇಡುವುದರೊಳಗೆ ಲೇಖನ ಸಿದ್ಧವಾಗಿತ್ತು. ಬಾಲ್ಯದಿಂದಲೂ ನನಗೆ ಮಣ್ಣಿನ ನಂಟು ಎಂದು ಆರಂಭ. ಮೂರು ಸಲ ಸಕಾಲಕ್ಕೆ ಬೋರ್ಡೋ ಹೊಡೆಸಿದೆ, ಒಂದು ಕಾಯಿಯೂ ಉದುರಲಿಲ್ಲ ಎಂದು ಮುಕ್ತಾಯ. ಓದುತ್ತ ನನಗೇ ಹೆಮ್ಮೆಯಾಯಿತು. ಮನೆಯವಳಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿ, 'ಇದು ಯಾರ ತೋಟದ ಸುದ್ದಿ?' ಎಂದಳು.

ನಮ್ಮ ತೋಟದ ಸುದ್ದಿ ಬೇರೆಯೇ ಇತ್ತು. ಮೊದಲನೆಯ ಔಷಧಿಯನ್ನು ಮಳೆ ಹಿಡಿಯುವ ಮುಂಚೆ ಹೊಡೆಸಿದ್ದು ನಿಜ. ಎರಡನೆಯದು 40-45 ದಿನಕ್ಕೆ ಆಗಬೇಕಿತ್ತು. ಮಳೆ ಹೊಳವು ಕೊಡಲಿಲ್ಲ. ಹೊಳವು ಕೊಟ್ಟ ದಿನ ಕೊನೆಗೌಡ ಇನ್ನೊಬ್ಬರ ತೋಟದಲ್ಲಿದ್ದ. ಹೀಗೆ 18 ದಿನ ತಡವಾಯಿತು. ಅಷ್ಟರಲ್ಲಿ ಹಳ್ಳದ ಬದಿಯ ತಗ್ಗಿನಲ್ಲಿ ಕಾಯಿ ಉದುರಲು ಶುರುವಾಗಿ ಮರದ ಬುಡವೆಲ್ಲ ಹಸಿರಾಯಿತು. ಅದೇ ತಗ್ಗಿನಲ್ಲಿ ಕೊಟ್ಟೆ ಕಟ್ಟಿಸಿದ್ದ ಕೊನೆಗಳು ಮಾತ್ರ ಬಹುಮಟ್ಟಿಗೆ ಉಳಿದವು. ನಿಮಗೆ ಉಪಯೋಗವಾಗುವ ಮಾತು ಈ 18 ದಿನದ ತಡ ಮತ್ತು ಈ ಕೊಟ್ಟೆ. ಯಂತ್ರದ ಲೇಖನದಲ್ಲಿ ಎರಡೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಏಕೆಂದರೆ ನಾವು ಅದಕ್ಕೆ ಹೇಳಿಯೇ ಇರಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬುದನ್ನು ಅದು ಸರಿಯಾಗಿಯೇ ಬರೆದಿತ್ತು. ಆದರೆ ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿದೆ ಎಂದು ನನ್ನ ಬಾಯಲ್ಲಿ ಹೇಳಿಸಿತ್ತು. ಬಲ್ಲವರು ಮಾಡುವುದು ಇದರ ತಿರುಗು: ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಕೆಂಪು ಅಡರಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಈ ಚಾಕುವಿನ ಮಾತೂ ಅಲ್ಲಿರಲಿಲ್ಲ. ಅದು ನನ್ನ ಹೆಸರಿನಲ್ಲಿ ಅಚ್ಚಾಗಿ, ನಿಮ್ಮೂರಿನ ವಾಚನಾಲಯದಲ್ಲಿ ಹೊಸದಾಗಿ ತೋಟ ಹಾಕಿದ ಹುಡುಗನೊಬ್ಬ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರೆ? ಅವನ ಔಷಧಿ ಕೆಟ್ಟರೆ ಮೊಬೈಲು ಬಂದು ನಷ್ಟ ಕಟ್ಟಿಕೊಡುವುದಿಲ್ಲ.

ಯಂತ್ರ ಹೀಗೇಕೆ ಮಾಡುತ್ತದೆ? ಬೇಕೆಂದು ಸುಳ್ಳು ಹೇಳುವುದಲ್ಲ. ಜನ ಬರೆದಿಟ್ಟ ಅಪಾರ ಬರಹವನ್ನು ಅದಕ್ಕೆ ಉಣಿಸಿರುತ್ತಾರೆ. ಒಂದು ಮಾತಿನ ಹಿಂದೆ ಯಾವ ಮಾತು ಬರುವುದು ಹೊಂದುತ್ತದೆ ಎಂಬುದನ್ನು ಆ ಬಲದಿಂದ ಅಂದಾಜು ಮಾಡಿ ಪೋಣಿಸುತ್ತ ಹೋಗುತ್ತದೆ. ಆ ಬರಹದಲ್ಲಿ ಇಂಗ್ಲಿಷಿನ ಪಾಲು ಬಹಳ, ಕನ್ನಡದ್ದು ಕಡಿಮೆ, ನಮ್ಮ ತೋಟ ಗದ್ದೆಗಳ ಮಾತು ಇನ್ನೂ ಕಡಿಮೆ. ಅನುಭವ ಬರೆ ಎಂದರೆ ಅನುಭವದಂತೆ ಕಾಣುವುದನ್ನು ಬರೆಯುತ್ತದೆ. ನಾವು ಬಿಟ್ಟ ಜಾಗವನ್ನು ಖಾಲಿ ಬಿಡುವುದರ ಬದಲು ತುಂಬಿಬಿಡುತ್ತದೆ. ತಿಳಿದ ಮಾತನ್ನೂ ತಿಳಿಯದ ಮಾತನ್ನೂ ಒಂದೇ ಧೈರ್ಯದಲ್ಲಿ ಹೇಳುವುದರಿಂದ ಓದುವವನಿಗೆ ಕಾಳು ಯಾವುದು, ಜೊಳ್ಳು ಯಾವುದು ತಿಳಿಯುವುದಿಲ್ಲ.

ಕೃಷಿಯಲ್ಲಿ ಬರಹಕ್ಕೆ ಬೆಲೆ ಬಂದದ್ದು ಯಾರೋ ಒಬ್ಬರು ಹೋಗಿ ಕಣ್ಣಾರೆ ನೋಡಿದ್ದರಿಂದ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದೇ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ನಮ್ಮ ಅಡಿಕೆಗೆ ಬೋರ್ಡೋ ಸಿಂಪಡಣೆ ಹಬ್ಬಿದ್ದು ಅಂಥ ಕೆಲಸದಿಂದ. 1988ರಲ್ಲಿ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ', 'ಕೃಷಿಕರ ಕೈಗೆ ಲೇಖನಿ' ಎಂಬ ಮಾತನ್ನು ಹಿಡಿದು, ಬೆಳೆಯುವವರೇ ಬರೆಯಬೇಕೆಂದಿತು. ಕೈಗೆ ಬಂದ ಆ ಲೇಖನಿಯನ್ನು ನಾವಾಗಿಯೇ ಕೆಳಗಿಡುವುದು ಬುದ್ಧಿವಂತಿಕೆಯಲ್ಲ. ನೂರು ರೈತರ ಹೆಸರಿನಲ್ಲಿ ಒಂದೇ ಯಂತ್ರದ ಅಂದಾಜು ಅಚ್ಚಾದರೆ, ನಾಳೆ ನಿಜವಾದ ಅನುಭವವನ್ನೂ ಯಾರೂ ನಂಬುವುದಿಲ್ಲ.

ಹಾಗಾದರೆ ಬರೆಯಲು ಬಾರದವನು ಏನು ಮಾಡಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಐವತ್ತು ವರ್ಷ ಉತ್ತವನಿಗೆ ಕಾಗುಣಿತದ ಭಯವೊಂದೇ ಅಡ್ಡಿಯಾದರೆ ಯಂತ್ರ ಆ ಭಯ ಬಿಡಿಸಲಿ. ನಾನೂ ಎರಡನೆಯ ಸಲ ಅದನ್ನೇ ಬಳಸಿದೆ, ಬಿಕ್ಕಲಂ ಆಗಿ ಮಾತ್ರ. ರಾಗಿಯವರು, ತೊಗರಿಯವರು, ಹೈನದವರು ತಮ್ಮ ತಮ್ಮ ಕಸುಬಿಗೆ ಹೊಂದಿಸಿಕೊಳ್ಳಲೆಂದು ಆ ಕ್ರಮವನ್ನು ಹೇಳುತ್ತೇನೆ.

ಮೊದಲು, ಮಾತು ನಿಮ್ಮದಿರಲಿ. ಯಾವ ಜಮೀನು, ಯಾವ ತಿಂಗಳು, ಎಷ್ಟು ಹಾಕಿದಿರಿ, ಎಷ್ಟು ಖರ್ಚು, ಎಲ್ಲಿ ಸೋತಿರಿ, ಎಲ್ಲವನ್ನೂ ನೆರೆಯವನಿಗೆ ಹೇಳುವಂತೆ ಮೊಬೈಲಿಗೆ ಬಾಯಲ್ಲಿ ಹೇಳಿ.

ಎರಡನೆಯದು, ಕೆಲಸಕ್ಕೆ ಮಿತಿ ಹಾಕಿ. 'ಕಾಗುಣಿತ ತಿದ್ದು, ಪ್ಯಾರಾ ಮಾಡು, ನಾನು ಹೇಳದ್ದನ್ನು ಸೇರಿಸಬೇಡ' ಎಂದು ಸ್ಪಷ್ಟವಾಗಿ ಹೇಳಿ. ಹೇಳಿದರೂ ಸೇರಿಸುವುದುಂಟು, ಆದ್ದರಿಂದ ಮುಂದಿನ ಎರಡು ಕೆಲಸ ತಪ್ಪಿಸಬೇಡಿ.

ಮೂರನೆಯದು, ನಿಮ್ಮ ಮಾತು ಉಳಿದಿದೆಯೇ ನೋಡಿ. ನಾನು 'ಕೊಟ್ಟೆ ಕಟ್ಟಿಸಿದೆ' ಎಂದದ್ದನ್ನು ಅದು 'ರಕ್ಷಣಾತ್ಮಕ ಹೊದಿಕೆಯನ್ನು ಅಳವಡಿಸಲಾಯಿತು' ಎಂದು ತಿದ್ದಿತ್ತು. ಕೊಟ್ಟೆಯನ್ನು ನಾನು ಮತ್ತೆ ಕಟ್ಟಿಸಿದೆ.

ನಾಲ್ಕನೆಯದು, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಜೊತೆಯಲ್ಲಿ ದುಡಿದವರ ಕಿವಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಳತೆ, ಪ್ರಮಾಣ, ಔಷಧಿಯ ಹೆಸರುಗಳನ್ನು ನಿಮ್ಮ ಲೆಕ್ಕದ ಪುಸ್ತಕದೊಡನೆ ಹೋಲಿಸಿ. ಸಂದೇಹವಿದ್ದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಹೀಗೆ ಮಾಡಿದ ನನ್ನ ಲೇಖನ ಮೊದಲಿನದಕ್ಕಿಂತ ಗಿಡ್ಡವಾಯಿತು, ಸೊಗಸೂ ಕಡಿಮೆ. ಅದರಲ್ಲಿ ನನ್ನ ತಡ, ನನ್ನ ನಷ್ಟ ಎದ್ದು ಕಾಣುತ್ತದೆ. ಕಾಣಲಿ. ಗೆದ್ದ ಕಥೆಯನ್ನು ಗೊಬ್ಬರ ಮಾರುವವರೂ ಹೇಳುತ್ತಾರೆ. ಸೋತದ್ದನ್ನು ಹೇಳುವವನು ಜೊತೆಯ ರೈತ ಮಾತ್ರ.

ಬಾಂಧವರೇ, ಹೆಬ್ಬೆಟ್ಟು ಒತ್ತುವ ಮುಂಚೆ ನಮ್ಮ ಅಜ್ಜಂದಿರು ಪತ್ರವನ್ನು ಓದಿಸಿ ಕೇಳುತ್ತಿದ್ದರು. ನಿಮ್ಮ ಹೆಸರು ಅಚ್ಚಾಗುವ ಮುಂಚೆ ನೀವೂ ಅಷ್ಟು ಮಾಡಿ.