ಮನೆವಾರ್ತೆ: ಕಾಗದವನ್ನು ಮೇಯುವ ಬೆಳ್ಳಿಹುಳು

ಇಲಿ ಮನೆಯನ್ನು ಹೊಕ್ಕರೆ ರಾತ್ರಿ ಸದ್ದಾಗುವುದು. ಗೆದ್ದಲು ಹತ್ತಿದರೆ ಗೋಡೆಯ ಮೇಲೆ ಮಣ್ಣಿನ ಗೆರೆ ಏಳುವುದು. ಈ ತಿಂಗಳು ನಾವು ಹೇಳಹೊರಟಿರುವ ಪ್ರಾಣಿಯು ಸದ್ದು ಮಾಡದು, ಮಣ್ಣು ತಾರದು, ಕಚ್ಚದು, ರೋಗವನ್ನೂ ಹರಡದು. ಆದುದರಿಂದಲೇ ಅದು ಹತ್ತಾರು ವರ್ಷ ಒಂದೇ ಮನೆಯಲ್ಲಿ ಸಂಸಾರ ಹೂಡಿಕೊಂಡಿದ್ದರೂ ಯಜಮಾನನಿಗೆ ಅದರ ಸುಳಿವು ಹತ್ತುವುದಿಲ್ಲ. ಒಂದು ದಿನ ಯಾವುದೋ ವ್ಯವಹಾರಕ್ಕೆಂದು ಪೆಟ್ಟಿಗೆ ತೆಗೆದು ಹಳೆಯ ಪಾಲುಪಟ್ಟಿಯನ್ನು ಬಿಚ್ಚಿದಾಗ, ಚಕ್ಕುಬಂದಿಯ ಸಾಲೇ ಮಾಯವಾಗಿರುವುದು ಕಾಣುತ್ತದೆ. ನಷ್ಟವು ತಿಳಿಯುವುದು ಆಗ.

ಬೆಳ್ಳಿಹುಳುವನ್ನು ನೋಡದ ವಾಚಕರು ವಿರಳ, ಗುರುತಿಸಿದವರೂ ವಿರಳವೇ. ಬಹುಕಾಲ ಮುಟ್ಟದ ಪುಸ್ತಕವನ್ನು ಎತ್ತಿದೊಡನೆ, ಅರ್ಧ ಅಂಗುಲ ಉದ್ದದ, ಮೀನಿನಂತೆ ಮಿನುಗುವ, ತಲೆಯ ಕಡೆ ಅಗಲವಾಗಿ ಬಾಲದ ಕಡೆಗೆ ಸಣ್ಣಗಾಗುತ್ತ ಹೋಗುವ ಒಂದು ಹುಳು ಸರಕ್ಕನೆ ಓಡಿ, ಕ್ಷಣ ನಿಂತು, ಮತ್ತೆ ಓಡಿ ಸಂದಿನಲ್ಲಿ ಅಡಗುವುದಲ್ಲವೆ? ಅದೇ ಇದು. ತಲೆಯಲ್ಲಿ ಎರಡು ಉದ್ದನೆಯ ಮೀಸೆ, ಬಾಲದಲ್ಲಿ ಮೂರು ಎಳೆ, ರೆಕ್ಕೆಯಿಲ್ಲ. ಕೈಯಲ್ಲಿ ಹಿಡಿದರೆ ಬೆರಳಿಗೆ ಬೆಳ್ಳಿಯ ಹುಡಿ ಅಂಟುತ್ತದೆ; ಅದು ಹುಳುವಿನ ಮೈಮೇಲಿನ ಪೊರೆ. ನಮ್ಮ ಮನೆಗಳಲ್ಲಿ ಬಟ್ಟೆ ತಿನ್ನುವುದು, ಕಾಳು ತಿನ್ನುವುದು, ಪುಸ್ತಕ ತಿನ್ನುವುದು ಎಲ್ಲವನ್ನೂ “ನುಸಿ” ಎಂದು ಒಂದೇ ಹೆಸರಿನಿಂದ ಕರೆದು, ಎಲ್ಲಕ್ಕೂ ನುಸಿಗುಳಿಗೆಯನ್ನೇ ಹಾಕುವ ವಾಡಿಕೆಯುಂಟು. ರೋಗವನ್ನು ತಿಳಿಯದೆ ಔಷಧ ಕೊಡುವುದೆಂದರೆ ಇದೇ.

ಈ ಹುಳುವು ನಮಗಿಂತ ಬಹು ಹಳೆಯ ಮನೆತನದ್ದು. ರೆಕ್ಕೆಯುಳ್ಳ ಕೀಟಗಳು ಹುಟ್ಟುವ ಮೊದಲೇ ಇದರ ವಂಶ ಬೇರೆಯಾಯಿತೆಂದು ಪ್ರಾಣಿಶಾಸ್ತ್ರಜ್ಞರು ಹೇಳುತ್ತಾರೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿದ್ವಾಂಸನು ೧೬೬೫ರಲ್ಲಿ ಪ್ರಕಟಿಸಿದ ತನ್ನ ಸೂಕ್ಷ್ಮದರ್ಶಕ ಗ್ರಂಥದಲ್ಲಿ ಇದರ ಚಿತ್ರವನ್ನು ಬರೆದು, ಪುಸ್ತಕಗಳನ್ನು ಕೆಡಿಸುವ ಹುಳುವೆಂದು ವರ್ಣಿಸಿದನು. ೧೭೫೮ರಲ್ಲಿ ಲಿನೇಯಸನು ಇದಕ್ಕೆ “ಲೆಪಿಸ್ಮ ಸ್ಯಾಕರಿನ” ಎಂದು ಹೆಸರಿಟ್ಟನು. ಎರಡನೆಯ ಮಾತಿನಲ್ಲಿ ಸಕ್ಕರೆಯ ವಾಸನೆಯುಂಟು. ಸಿಹಿಯನ್ನೂ ಹಿಟ್ಟನ್ನೂ ಇದು ಅಷ್ಟು ಬಯಸುತ್ತದೆ. ಇದರ ದಾಯಾದಿಗಳೂ ಕೆಲವುಂಟು. ಒಲೆಯ ಹಿಂದಿನ ಬಿಸಿ ಸಂದಿನಲ್ಲಿ ಇರುವ ಮಚ್ಚೆಮೈಯ ಜಾತಿ ಒಂದು; ಬೂದು ಬಣ್ಣದ, ಸ್ವಲ್ಪ ದೊಡ್ಡದಾದ, ಒಣಹವೆಯನ್ನು ಹೆಚ್ಚು ತಾಳಬಲ್ಲ ಜಾತಿ ಇನ್ನೊಂದು. ಮನೆವಾರ್ತೆಯ ಮಟ್ಟಿಗೆ ಎಲ್ಲಕ್ಕೂ ಉಪಾಯ ಒಂದೇ.

ಇಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಈ ಹುಳುವು ತೇವವಿಲ್ಲದೆ ಬದುಕದೆಂದೂ, ಗಾಳಿಯ ತೇವವು ನೂರಕ್ಕೆ ಎಪ್ಪತ್ತೈದನ್ನು ಮೀರಿದ ಕಡೆಯಲ್ಲಿಯೇ ಚೆನ್ನಾಗಿ ಬೆಳೆಯುವುದೆಂದೂ ಪುಸ್ತಕಗಳು ಹೇಳುತ್ತವೆ. ನಮ್ಮದೋ ಬರದ ಸೀಮೆ. ಹಿರಿಯೂರಂತೂ ರಾಜ್ಯದ ಅತಿ ಕಡಮೆ ಮಳೆಯ ಊರುಗಳಲ್ಲಿ ಒಂದು. ಮಲೆನಾಡಿನ ಹುಳುವಿಗೆ ಇಲ್ಲೇನು ಕೆಲಸ?

ಆಕ್ಷೇಪವು ನ್ಯಾಯವಾದುದೇ. ಆದರೆ ಹುಳುವು ಜಿಲ್ಲೆಯಲ್ಲಿ ವಾಸಿಸುವುದಿಲ್ಲ, ಬೀರುವಿನ ಹಿಂದೆ ವಾಸಿಸುತ್ತದೆ. ಅಲ್ಲಿಯ ಹವೆ ಹೇಗಿದೆಯೆಂಬುದೇ ಅದಕ್ಕೆ ಮುಖ್ಯ. ನೀರು ಕೊರತೆಯಿರುವ ಊರುಗಳಲ್ಲಿಯೇ ಮನೆಯೊಳಗೆ ನೀರನ್ನು ಹೆಚ್ಚಾಗಿ ಕೂಡಿಡುವುದು ವಾಡಿಕೆ. ನಲ್ಲಿಯಲ್ಲಿ ದಿನ ಬಿಟ್ಟು ದಿನವೋ, ವಾರಕ್ಕೊಮ್ಮೆಯೋ ನೀರು ಬರುವಲ್ಲಿ ಬಚ್ಚಲಿನ ತೊಟ್ಟಿ, ನಡುಮನೆಯ ಮೂಲೆಯ ಪೀಪಾಯಿ, ಅಡಿಗೆಮನೆಯ ಸಾಲುಕೊಡ ಇವೆಲ್ಲ ತುಂಬಿಯೇ ಇರಬೇಕು. ತೊಟ್ಟಿಯ ಗೋಡೆಯ ಆಚೆಯ ಮಗ್ಗುಲಿಗೆ ಬಟ್ಟೆಯ ಬೀರುವನ್ನು ಒತ್ತಿ ನಿಲ್ಲಿಸಿರುವ ಮನೆಗಳನ್ನು ನಾವು ಎಷ್ಟೋ ಕಂಡಿದ್ದೇವೆ. ಹೊರಗೆ ನೆಲ ಬಿರಿದಿರುವಾಗಲೂ ಆ ಬೀರುವಿನ ಬೆನ್ನಿನಲ್ಲಿ ಮಳೆಗಾಲವಿರುವುದು.

ಹಳೆಯ ಮಾಳಿಗೆಮನೆಗಳಲ್ಲಿ ಬೇಸಗೆಯ ತಂಪನ್ನು ಕೊಡುವ ಮಣ್ಣಿನ ಮಾಡೇ ಮಳೆ ಹಿಡಿದಾಗ ತೇವವನ್ನು ಕುಡಿದುಕೊಂಡು ನಿಧಾನವಾಗಿ ಕೆಳಗಿಳಿಸುತ್ತದೆ. ಹಿಂದೆ ಅದಕ್ಕೆ ಪ್ರತೀಕಾರವಾಗಿ ಸೌದೆಯ ಒಲೆಯ ಹೊಗೆ ಅಟ್ಟವನ್ನು ಒಣಗಿಸುತ್ತಿತ್ತು. ಅನಿಲದ ಒಲೆ ಬಂದು ಗೃಹಿಣಿಯ ಕಣ್ಣು ಉಳಿಯಿತು. ಅಟ್ಟದ ಕಾಗದಗಳು ರಕ್ಷಣೆ ಕಳೆದುಕೊಂಡವು. ಕಣ್ಣೇ ಮುಖ್ಯ, ಸಂದೇಹವಿಲ್ಲ. ಆದರೆ ಕಾಗದಗಳನ್ನು ಅಟ್ಟದಿಂದ ಇಳಿಸಬೇಕಾದ ಕಾಲ ಬಂದಿತೆಂದು ತಿಳಿಯಬೇಕು. ಹೊಸ ಮನೆಗಳಲ್ಲಿ ಸಿಮೆಂಟು ಆರುವ ಮೊದಲೇ ಗೃಹಪ್ರವೇಶ ನಡೆದು ಗೋಡೆಯ ಬೀರುಗಳಿಗೆ ಬಟ್ಟೆ ತುಂಬುವುದೂ ಇದೇ ಬಗೆಯ ಅವಸರ. ತೋಟದೊಳಗೆ ಮನೆ ಮಾಡಿಕೊಂಡಿರುವ ಹೊಳಲ್ಕೆರೆ, ಹೊಸದುರ್ಗಗಳ ಅಡಕೆ ತೆಂಗಿನವರಿಗೆ ನೆರಳೂ ತೇವವೂ ಸಹಜವಾಗಿಯೇ ಉಂಟು. ಮಳೆಯೂ ಯಾವಾಗಲೂ ಕೈಕೊಡುವುದಿಲ್ಲ. ೧೯೦೭ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದ ಬಳಿಕ ೨೦೨೨ರಲ್ಲಿ ಮತ್ತೆ ಕೋಡಿ ಹರಿಯಿತು. ಅಂಥ ವರ್ಷ ಬಂದಾಗ, ಒಣಹವೆಯ ಭರವಸೆಯಲ್ಲಿ ಇಟ್ಟ ಪೆಟ್ಟಿಗೆಗಳೇ ಮೊದಲು ಕೆಡತಕ್ಕವು.

ಇನ್ನು ಹುಳುವಿನ ಆಹಾರ. ಅದಕ್ಕೆ ಬೇಕಾದುದು ಹಿಟ್ಟು, ಗಂಜಿ, ಅಂಟು, ಸಕ್ಕರೆ. ಕಾಗದವನ್ನು ನುಣುಪು ಮಾಡಲು ಬಳಿಯುವ ಸರಿ, ರಟ್ಟನ್ನು ಅಂಟಿಸುವ ಮೈದಾ, ಪಂಚೆಯ ಗಂಜಿ, ಛಾಯಾಚಿತ್ರದ ಮೇಲಿನ ಸರೇಸಿನ ಪದರ ಇವೆಲ್ಲ ಅದಕ್ಕೆ ಭೋಜನವೇ. ಕಾಗದದ ನಾರನ್ನೂ ಅದು ಜೀರ್ಣಿಸಿಕೊಳ್ಳಬಲ್ಲುದು. ನಮ್ಮ ಹಿರಿಯರ ಕಡತಗಳನ್ನು ಸ್ಮರಿಸಿಕೊಳ್ಳಿರಿ. ಹುಣಿಸೆಬೀಜದ ಅಂಟಿನಲ್ಲಿ ಇದ್ದಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಪ್ಪು ಪುಸ್ತಕಗಳವು. ಈಗ ಕಚೇರಿಯಲ್ಲಿ ಫೈಲಿಗೆ ಕಡತವೆನ್ನುವುದು ಆ ಹೆಸರೇ. ಹುಳುವಿನ ದೃಷ್ಟಿಯಿಂದ ನೋಡಿದರೆ ಕಡತವೆಂಬುದು ಬಟ್ಟೆಯ ಮೇಲೆ ಬಡಿಸಿದ ಊಟ. ದುರ್ಗದ ಪಾಳೆಯಗಾರರ ಚರಿತ್ರೆಗೆ ಆಧಾರಗಳನ್ನು ಸಂಗ್ರಹಿಸಿದ ಹುಲ್ಲೂರು ಶ್ರೀನಿವಾಸ ಜೋಯಿಸರಂಥವರಿಗೆ ದೊರೆತವು, ಯಾರೋ ಜೋಪಾನಮಾಡಿ ಉಳಿಸಿದ ಕಾಗದಗಳು. ಉಳಿಯದೆ ಹೋದವುಗಳ ಲೆಕ್ಕ ಯಾರಲ್ಲಿಯೂ ಇಲ್ಲ.

ಹಾನಿಯನ್ನು ನೋಡಿ ಹುಳುವನ್ನು ಗುರುತಿಸುವ ಬಗೆಯನ್ನು ಕಲಿಯತಕ್ಕದ್ದು. ಪುಸ್ತಕದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸೂಜಿಯಿಂದ ಚುಚ್ಚಿದಂತೆ ದುಂಡಗಿನ ತೂತು ಹೋಗಿದ್ದರೆ ಅದು ಚಿಕ್ಕ ದುಂಬಿಯ ಮರಿಯ ಕೆಲಸ. ಹಾಳೆಗಳೇ ಕರಗಿ ಮಣ್ಣಾಗಿದ್ದರೆ ಗೆದ್ದಲು. ಬೆಳ್ಳಿಹುಳುವು ಕೊರೆಯುವುದಿಲ್ಲ, ಹೆರೆಯುತ್ತದೆ. ಹಾಳೆಯ ಮೇಲ್ಪದರವು ಅಲ್ಲಲ್ಲಿ ತೆಳುವಾಗಿ, ಬೆಳಕಿಗೆ ಹಿಡಿದರೆ ಕಿಟಕಿಯಂತೆ ಕಾಣುವುದು, ಅಂಚುಗಳು ಅಂಕುಡೊಂಕಾಗಿರುವುವು, ರಟ್ಟಿನ ಬಣ್ಣ ಹೋಗಿ ಬಿಳಿಯ ತೇಪೆಗಳೇಳುವುವು. ಜೊತೆಗೆ ಮೆಣಸಿನ ಪುಡಿಯಂಥ ಕರಿಯ ಹಿಕ್ಕೆ, ಹಳದಿ ಕಲೆ, ತೆಳ್ಳನೆಯ ಪೊರೆ ಇವು ಸಿಕ್ಕರೆ ಸಂಶಯಪಡಬೇಕಾದುದಿಲ್ಲ. ಗೋಡೆಯ ಮೇಲಿನ ದೇವರ ಪಟಗಳನ್ನೂ ಹಳೆಯ ಕ್ಯಾಲೆಂಡರುಗಳನ್ನೂ ಇಳಿಸಿ ಹಿಂಬದಿಯನ್ನು ನೋಡಿರಿ. ಅಲ್ಲಿ ಕಾಗದವೂ ಅಂಟೂ ಕತ್ತಲೆಯೂ ಒಟ್ಟಿಗೆ ಇರುವುದರಿಂದ ಅದು ಹುಳುವಿಗೆ ಮೆಚ್ಚಿನ ಬಿಡಾರ.

ಎಷ್ಟು ಹುಳುಗಳಿವೆಯೆಂದು ತಿಳಿಯಲು ಸುಲಭವಾದ ಒಂದು ಬೋನುಂಟು. ನುಣುಪಾದ ಗಾಜಿನ ಸೀಸೆಯೊಂದರ ಹೊರಮೈಗೆ ಕಾಗದವನ್ನೋ ಬಟ್ಟೆಯನ್ನೋ ಬಾಯವರೆಗೆ ಸುತ್ತಿ, ಒಳಗೆ ಚಿಟಿಕೆ ಗೋಧಿಹಿಟ್ಟು ಹಾಕಿ, ರಾತ್ರಿ ಬೀರುವಿನ ಮಗ್ಗುಲಲ್ಲಿ ಇಡಬೇಕು. ಹುಳುವು ಒರಟಾದ ಹೊರಮೈಯನ್ನು ಹಿಡಿದು ಹತ್ತಿ ಒಳಗೆ ಬೀಳುವುದು. ಗಾಜಿನ ನುಣುಪನ್ನು ಹತ್ತಲು ಅದಕ್ಕೆ ಬಾರದು. ಮೂರು ನಾಲ್ಕು ಮೂಲೆಗಳಲ್ಲಿ ಇಟ್ಟರೆ ಯಾವ ಮೂಲೆಯಲ್ಲಿ ಹೆಚ್ಚು ಬಿದ್ದಿವೆಯೆಂಬುದರಿಂದ ತೇವ ಎಲ್ಲಿದೆಯೆಂಬುದೂ ತಿಳಿದೀತು. ಖರ್ಚಿಲ್ಲದ ಈ ಉಪಾಯವನ್ನು ನಾವು ಉಳಿದೆಲ್ಲಕ್ಕಿಂತ ಮೊದಲು ಶಿಫಾರಸು ಮಾಡುತ್ತೇವೆ.

ಚಿಕಿತ್ಸೆಯಲ್ಲಿ ಮೊದಲನೆಯದು ಒಣಗಿಸುವುದು. ಬೀರುವನ್ನು ಗೋಡೆಯಿಂದ ನಾಲ್ಕು ಅಂಗುಲ ಈಚೆಗೆ ಎಳೆಯಿರಿ. ನೆಲದಿಂದ ಮೇಲಕ್ಕೆ ಹಲಗೆಯನ್ನೋ ಇಟ್ಟಿಗೆಯನ್ನೋ ಕೊಡಿರಿ. ಬಚ್ಚಲಿನ ಗೋಡೆಗೆ ಒರಗಿರುವುದನ್ನು ಬೇರೆ ಗೋಡೆಗೆ ಸಾಗಿಸಿರಿ. ಸೋರುವ ನಲ್ಲಿಯನ್ನು ಸರಿಮಾಡಿಸಿ, ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಿಸಿರಿ; ಹುಳುವು ಮೊಟ್ಟೆಯಿಡುವುದು ಅಂಥ ಸಂದುಗಳಲ್ಲಿಯೇ. ಮೊಟ್ಟೆಯೊಡೆಯಲು ಹವೆಗೆ ತಕ್ಕಂತೆ ಎರಡು ವಾರದಿಂದ ಎರಡು ತಿಂಗಳು ಹಿಡಿಯುವುದರಿಂದ, ಒಂದು ದಿನ ಗುಡಿಸಿ ಮುಗಿಯಿತೆಂದು ಕುಳಿತುಕೊಳ್ಳಕೂಡದು. ಹುಳುವಿನ ಆಯುಸ್ಸು ಮೂರು ನಾಲ್ಕು ವರ್ಷಗಳವರೆಗೂ ಉಂಟು. ಆಹಾರವಿಲ್ಲದೆ ಅದು ತಿಂಗಳುಗಟ್ಟಲೆ ಬದುಕಬಲ್ಲುದು.

ಬಿಸಿಲಿಗೆ ಹಾಕುವ ವಿಷಯದಲ್ಲಿ ವಿವೇಕ ಬೇಕು. ಹಾಸಿಗೆ, ಕಂಬಳಿ, ಹತ್ತಿಯ ಬಟ್ಟೆಗಳನ್ನು ನಮ್ಮ ಸೀಮೆಯ ಬಿಸಿಲಿನಲ್ಲಿ ಧಾರಾಳವಾಗಿ ಹರವಬಹುದು. ಹಳೆಯ ಕಾಗದಗಳಿಗೆ ಆ ಬಿಸಿಲೇ ಶತ್ರು. ಹಾಳೆ ಹಪ್ಪಳವಾಗುವುದು, ಮಸಿ ಮಾಸುವುದು. ಅವುಗಳಿಗೆ ಗಾಳಿಯಾಡುವ ನೆರಳು ಸಾಕು. ಸರಸ್ವತೀಪೂಜೆಯ ದಿನ ಪುಸ್ತಕಗಳನ್ನು ಇಳಿಸಿ ಅರಿಸಿನ ಕುಂಕುಮವಿಟ್ಟು ಮತ್ತೆ ಹಾಗೆಯೇ ಏರಿಸುವುದುಂಟು. ನಮ್ಮ ಜಿಲ್ಲೆಯ ಒಳ್ಳೆಯ ಮಳೆಗಳು ಬರುವುದು ಆ ಸುಮಾರಿನಲ್ಲಿಯೇ. ಆದುದರಿಂದ ಪೂಜೆಗೆ ಇಳಿಸಿದಾಗ ಪ್ರತಿಯೊಂದು ಪುಸ್ತಕವನ್ನೂ ತೆರೆದು, ಬೆನ್ನನ್ನು ತಟ್ಟಿ, ಒಣಬಟ್ಟೆಯಿಂದ ಒರೆಸುವುದೂ ಪೂಜೆಯ ಅಂಗವೆಂದೇ ಎಣಿಸಿದರೆ ಸರಸ್ವತಿಯು ಬೇಡವೆನ್ನಲಾರಳು.

ಔಷಧಿ ಅಂಗಡಿಯಲ್ಲಿ ದೊರೆಯುವ ಬೋರಿಕ್ ಪುಡಿ (ಕೇರಂ ಆಡುವ ಹುಡುಗರು ಹಲಗೆಗೆ ಉದುರಿಸುವುದೂ ಅದನ್ನೇ) ಹುಳುವಿಗೆ ಒಳ್ಳೆಯ ಮದ್ದು. ಬೀರುವಿನ ಹಿಂದಿನ ಬಿರುಕುಗಳಲ್ಲಿ ಕಂಡೂ ಕಾಣದಷ್ಟು ತೆಳುವಾಗಿ ಎರಚಬೇಕು. ರಾಶಿ ಹಾಕಿದರೆ ಹುಳುವು ಸುತ್ತಿಕೊಂಡು ಹೋಗುವುದು. ಪುಸ್ತಕದ ಮೇಲೆ, ಅಡಿಗೆಮನೆಯ ಕಪಾಟಿನಲ್ಲಿ, ಅಂಬೆಗಾಲಿಡುವ ಮಕ್ಕಳ ಕೈಗೆ ಎಟಕುವಲ್ಲಿ ಇದು ಕೂಡದು. ಹೊಟ್ಟೆಗೆ ಹೋದರೆ ಮಕ್ಕಳಿಗೂ ವಿಷವೇ.

ನುಸಿಗುಳಿಗೆಯು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಾತ್ರ ಸ್ವಲ್ಪ ಕೆಲಸಮಾಡುವುದು. ತೆರೆದ ಕಪಾಟಿನಲ್ಲಿ ವಾಸನೆಯೇ ಲಾಭ. ಎಳೆಗೂಸಿನ ಬಟ್ಟೆ ಹೊದಿಕೆಗಳ ನಡುವೆ ಅದನ್ನು ಎಂದಿಗೂ ಇಡಕೂಡದು. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವದ ಕೊರತೆಯಿರುವ ಶಿಶುಗಳುಂಟು. ಅಂಥವಕ್ಕೆ ಆ ಆವಿಯಿಂದ ರಕ್ತಕಣಗಳು ಒಡೆದು ಕಡುಕಾಮಾಲೆ ಬರುವುದು. ಬಾಣಂತಿಯ ಮನೆಯಲ್ಲಿ ಈ ಮಾತನ್ನು ಮರೆಯಬಾರದು. ಒಂದು ಕಾಲದಲ್ಲಿ ಮನೆಮನೆಯಲ್ಲಿ ಹೊಗಳಿಸಿಕೊಂಡ ಡಿ.ಡಿ.ಟಿ. ಪುಡಿಯನ್ನು ನಮ್ಮ ದೇಶದಲ್ಲಿ ೧೯೮೯ರಲ್ಲಿ ಬೇಸಾಯಕ್ಕೆ ನಿಷೇಧಿಸಿದರು. ಯಾರದಾದರೂ ಉಗ್ರಾಣದಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ಅದನ್ನು ಹುಳುವಿಗೂ ಬಳಸಬಾರದು.

ಬೇವಿನ ಸೊಪ್ಪು, ಬಜೆ ಇವುಗಳನ್ನು ನಾವು ಹಗುರ ಮಾಡುವುದಿಲ್ಲ. ಓಲೆಗರಿಯ ಕಟ್ಟುಗಳೊಡನೆ ಬಜೆಯ ಬೇರನ್ನು ಇಡುವುದು ಹಿರಿಯರ ಪದ್ಧತಿ. ಇವು ಹುಳುವನ್ನು ದೂರವಿರಿಸಿಯಾವು. ಒಳಗೆ ನೆಲಸಿದ ಹುಳುವನ್ನು ಕೊಲ್ಲಲಾರವು. ಹಬ್ಬದ ದಿನ ಹಸಿಯ ಬೇವಿನ ಎಲೆಯನ್ನು ಕಿತ್ತು ತಂದು ಸೀರೆಗಳ ಮಡಿಕೆಯಲ್ಲಿ ಇಡುವವರು, ಹುಳುವಿಗೆ ಬೇಕಾದ ತೇವವನ್ನು ತಾವೇ ಒದಗಿಸಿದಂತಾಯಿತು. ಎಲೆಯು ನೆರಳಿನಲ್ಲಿ ಗರಿಗರಿಯಾಗಿ ಒಣಗಿದ ಮೇಲೆಯೇ ಒಳಗೆ ಹೋಗಬೇಕು.

ಬಟ್ಟೆಗಳ ಮಾತು ಸ್ವಲ್ಪದರಲ್ಲಿ ಮುಗಿಯುವುದು. ಬಹುಕಾಲ ಇಡುವ ಪಂಚೆ ಸೀರೆಗಳಿಗೆ ಗಂಜಿ ಹಾಕದೆ ಒಗೆದು ಇಡಬೇಕು. ಉಡುವ ಹಿಂದಿನ ದಿನ ಗಂಜಿ ಹಾಕಿದರಾಯಿತು. ಮೊಳಕಾಲ್ಮೂರು ರೇಷ್ಮೆಯನ್ನು ಒಗೆದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿರಿ. ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಗಳನ್ನು ಮುಂದೆ ಬೇಕಾದೀತೆಂದು ಮಂಚದ ಕೆಳಗೆ ಕೂಡಿಡುವ ಅಭ್ಯಾಸವನ್ನು ಬಿಡಿರಿ. ಹೊಸ ಮನೆಗೆ ಹುಳುವು ಬರುವುದು ಅನೇಕವೇಳೆ ಆ ವಾಹನವನ್ನು ಏರಿಯೇ.

ಅಮೂಲ್ಯವಾದ ಒಂದೆರಡು ಪುಸ್ತಕಗಳಿಗೆ ಹುಳು ಹತ್ತಿದ್ದರೆ, ದೊಡ್ಡ ಪುಸ್ತಕಭಂಡಾರಗಳವರು ಮಾಡುವ ಶೀತಚಿಕಿತ್ಸೆಯನ್ನು ಮನೆಯಲ್ಲಿಯೂ ಮಾಡಬಹುದು. ಒಣಗಿದ ಪುಸ್ತಕವನ್ನು ಗಾಳಿ ಹೋಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಶೂನ್ಯಕ್ಕಿಂತ ೧೮ ಡಿಗ್ರಿ ಕೆಳಗಿನ ಶೈತ್ಯವುಳ್ಳ ಪೆಟ್ಟಿಗೆಯಲ್ಲಿ ಒಂದು ವಾರ ಇಟ್ಟರೆ ಹುಳುವೂ ಮೊಟ್ಟೆಯೂ ಸಾಯುವುವು. ಹೊರಗೆ ತೆಗೆದೊಡನೆ ಚೀಲವನ್ನು ಬಿಚ್ಚಕೂಡದು. ಒಂದು ದಿನ ಹಾಗೆಯೇ ಬಿಟ್ಟರೆ ಮಂಜಿನ ನೀರು ಚೀಲದ ಹೊರಗೆ ಕಟ್ಟುವುದು, ಪುಸ್ತಕದ ಮೇಲೆ ಕಟ್ಟದು.

ತಿಂದುಳಿದ ಕಾಗದಗಳ ಗತಿಯೇನೆಂದು ಕೇಳುವವರು ಹಲವರು. ಹರಿದ ಕಡೆಗೆ ಹೊಳೆಯುವ ಅಂಟುಪಟ್ಟಿಯನ್ನು ಹಚ್ಚಬೇಡಿರಿ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೂ ಕೆಡಿಸುವುದು. ಮೈದಾ ಅಂಟೆಂದರೆ ಹುಳುವಿಗೆ ಮತ್ತೊಮ್ಮೆ ಎಲೆ ಹಾಕಿದಂತೆ. ಬಿಸಿಯೊತ್ತಿ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸುವ ಈಗಿನ ಪದ್ಧತಿಯೂ ಹಳೆಯ ಪತ್ರಗಳಿಗೆ ತರವಲ್ಲ. ಹುದುಗಿಸಿದುದನ್ನು ಮತ್ತೆ ಬಿಡಿಸಲಾಗದು. ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರಗಳು ಕೆಟ್ಟಿದ್ದರೆ ಭಯಪಡಬೇಕಾದುದಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟು ದೃಢೀಕೃತ ನಕಲನ್ನು ಪಡೆಯಬಹುದು. ಅಣ್ಣತಮ್ಮಂದಿರು ಜಗಲಿಯಲ್ಲಿ ಕುಳಿತು ಬರೆದುಕೊಂಡ ಪಾಲುಪಟ್ಟಿ, ಅಜ್ಜನು ಕಾಶಿಯಿಂದ ಬರೆದ ಕಾಗದ, ಮನೆಯ ಹೆಣ್ಣುಮಕ್ಕಳ ಜಾತಕ ಇವುಗಳಿಗೆ ಬೇರೆಲ್ಲಿಯೂ ನಕಲಿಲ್ಲ. ಈ ತಿಂಗಳೊಳಗಾಗಿ ಅವನ್ನು ಒಮ್ಮೆ ಹೊರಗೆ ತೆಗೆದು, ಎರಡು ಮಗ್ಗುಲಿನ ಛಾಯಾಚಿತ್ರವನ್ನೂ ತೆಗೆಯಿಸಿ, ಒಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿರಿ. ಮೂಲವನ್ನು ಒಣಗಿದ ತಗಡಿನ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಒಳಗಡೆ ಪರೀಕ್ಷಿಸಿದ ತಾರೀಖನ್ನು ಬರೆಯಿರಿ.