ತೊಗಟೆಯ ಚಿತ್ರಕ್ಕೂ ವಿಳಾಸ ಬೇಕು

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಮ್ಯೂರ್ ವುಡ್ಸ್‌ನಲ್ಲಿ ಕೆಲವು ರೆಡ್‌ವುಡ್ ಮರಗಳು 70 ಮೀಟರ್ ದಾಟಿವೆ. ಎಷ್ಟು ಹಿಂದೆ ಸರಿದರೂ ಫೋಟೊದಲ್ಲಿ ಪೂರ್ತಿ ಹಿಡಿಯಲಾಗದು. ಹಾಗಾಗಿ ಮುಂದೆ ಹೋಗಿ ತೊಗಟೆಯನ್ನೇ ತೆಗೆಯುವವರು ಹೆಚ್ಚುತ್ತಿದ್ದಾರೆ. ಅದು ಸರಿಯಾದ ದಾರಿಯೇ. ಬೆಳಗಿನ ಮಂಜಿನಲ್ಲಿ ಬೆಳಕು ಮೆತ್ತಗಿದ್ದಾಗ ಆ ತೊಗಟೆಯ ಸೀಳುಗಳು, ಎಳೆಗಳು ಕಾಣುವಷ್ಟು ಚೆನ್ನಾಗಿ ನಡುಮಧ್ಯಾಹ್ನ ಕಾಣುವುದಿಲ್ಲ. ನನ್ನ ತಕರಾರು ಆಮೇಲಿನದು. ಬಣ್ಣ ಏರಿಸಿ, ಅಂಚು ಕತ್ತರಿಸಿ, ‘ಪ್ರಕೃತಿಯ ಕಲೆ’ ಎಂದು ಬರೆದು ಹಂಚಿಬಿಟ್ಟರೆ ಅದು ಯಾವ ಮರ, ಎಲ್ಲಿಯದು, ಯಾವಾಗಿನದು ಎಂಬುದೆಲ್ಲ ಕಳೆದುಹೋಗುತ್ತದೆ. ಚಿತ್ರದಲ್ಲಿ ಕಲ್ಪನೆ ಹೆಚ್ಚಾದಷ್ಟೂ ಈ ಮೂರು ವಿವರಗಳು ಅದರ ಜೊತೆಗಿರಬೇಕು ಎಂಬುದು ನನ್ನ ವಾದ.

ಇದಕ್ಕೆ ಪುರಾವೆ ಅಲ್ಲೇ ಇದೆ. 1900ರಲ್ಲಿ ಸ್ಯಾನ್ ಹೋಸೆಯ ಚಿತ್ರಕಾರ, ಛಾಯಾಗ್ರಾಹಕ ಆಂಡ್ರ್ಯೂ ಹಿಲ್ ಇಂಗ್ಲೆಂಡಿನ ಪತ್ರಿಕೆಯೊಂದಕ್ಕಾಗಿ ಫೆಲ್ಟನ್ ಬಳಿಯ ಖಾಸಗಿ ತೋಪಿನಲ್ಲಿ ರೆಡ್‌ವುಡ್‌ಗಳ ಫೋಟೊ ತೆಗೆದರು. ನೆಗೆಟಿವ್‌ಗಳನ್ನು ಇಲ್ಲೇ ಕೊಟ್ಟು ಹೋಗಿ ಎಂದು ಮಾಲೀಕ ಹಟ ಹಿಡಿದ. ಹಿಲ್ ಕೊಡಲಿಲ್ಲ, ಇಂಥ ಮರಗಳು ಜನರ ಸ್ವತ್ತಾಗಬೇಕೆಂದು ಹೊರಟರು. ಅದೇ ವರ್ಷ ರೆಡ್‌ವುಡ್‌ಗಳನ್ನು ಉಳಿಸಲೆಂದು ಸೆಂಪರ್ವೈರೆನ್ಸ್ ಕ್ಲಬ್ ಹುಟ್ಟಿತು, 1902ರಲ್ಲಿ ಬಿಗ್ ಬೇಸಿನ್ ಎಂಬ ರೆಡ್‌ವುಡ್ ಕಾಡು ರಾಜ್ಯ ಉದ್ಯಾನವಾಯಿತು. ಕಾಡು ಉಳಿಸಲು ನಡೆದ ಆ ಪ್ರಚಾರದಲ್ಲಿ ಹಿಲ್ ಅವರ ಫೋಟೊಗಳು ಕೆಲಸಕ್ಕೆ ಬಂದದ್ದು ಅವು ಇಂಥ ಕಾಡಿನ ಇಂಥ ಮರಗಳು ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು ಎಂಬ ಕಾರಣಕ್ಕೆ. 2020ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿ ಆ ಉದ್ಯಾನವನ್ನು ಹೆಚ್ಚೂಕಡಿಮೆ ಪೂರ್ತಿ ಸುಟ್ಟಿತು. ಕರಕಲಾದ ಕಾಂಡಗಳಲ್ಲಿ, ತೊಗಟೆಯಡಿ ಮಲಗಿದ್ದ ಮೊಗ್ಗುಗಳಿಂದ, ತಿಂಗಳುಗಳಲ್ಲೇ ಹಸಿರು ಚಿಗುರು ಒಡೆಯಿತು. ಬೆಂಕಿಗೆ ಮುಂಚಿನ ಒಂದು ಚಿತ್ರಕ್ಕೆ ಜಾಗ, ತಾರೀಕು ಇದ್ದರೆ ಇವತ್ತು ಅದನ್ನು ಅದೇ ಕಾಂಡದ ಪಕ್ಕ ಹಿಡಿದು ನೋಡಬಹುದು. ಹೆಸರಿಲ್ಲದ ‘ಸುಂದರ ವಿನ್ಯಾಸ’ದಿಂದ ಅದು ಆಗದು.

ತೊಗಟೆ ಎಂದರೆ ಮರದ ದಾಖಲೆ ಪುಸ್ತಕ. ರೆಡ್‌ವುಡ್‌ನ ತೊಗಟೆ 30 ಸೆಂಟಿಮೀಟರ್‌ವರೆಗೂ ದಪ್ಪವಾಗುತ್ತದೆ, ಅದರಲ್ಲಿ ರಾಳವಿಲ್ಲ; ಬೆಂಕಿ ತಡೆಯುವ ಶಕ್ತಿ ಬಂದದ್ದು ಅಲ್ಲಿಂದ. ಅಲ್ಲಿನ ಮಡ್ರೋನ್ ಮರದ ಇಟ್ಟಿಗೆಗೆಂಪು ತೊಗಟೆ ಬೇಸಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಸುರುಳಿ ಸುತ್ತಿ ಬೀಳುತ್ತದೆ, ಒಳಗಿನ ನುಣುಪು ಹಸಿರು ಹೊರಗೆ ಕಾಣುತ್ತದೆ. ಅದೇ ಮರ ಚಳಿಗಾಲದಲ್ಲಿ ಬೇರೆಯದೇ ಚಿತ್ರ ಕೊಡುತ್ತದೆ. ಇನ್ನು ಓಕ್ ಮರದ ಬುಡದಲ್ಲಿ ಕಪ್ಪುಗೆಂಪು ರಸ ಒಸರಿ ಇಳಿದಿದ್ದರೆ ಕ್ಯಾಮೆರಾದ ಕಣ್ಣಿಗೆ ಅದು ಸೊಗಸಾದ ಕಲೆಯೇ. ಆದರೆ 1990ರ ದಶಕದ ನಡುವಿನಿಂದ ಬೇ ಏರಿಯಾದ ಮರಿನ್ ಕೌಂಟಿಯ ಓಕ್‌ಗಳನ್ನು ಕೊಲ್ಲುತ್ತ ಬಂದ ರೋಗದ ಲಕ್ಷಣವೂ ಅದೇ. ಕಾರಣ ಫೈಟಾಫ್ತೊರಾ ರಮೋರಮ್ ಎಂಬ ಸೂಕ್ಷ್ಮಜೀವಿ ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಗುರುತಿಸಿದ್ದು 2000ದಲ್ಲಿ. ವಿಳಾಸವಿದ್ದರೆ ಆ ಚಿತ್ರ ಸುಳಿವು, ಇಲ್ಲದಿದ್ದರೆ ಗೋಡೆಯ ಅಲಂಕಾರ. ನಮ್ಮ ನಾಗರಹೊಳೆಯ ಮತ್ತಿಯ ಮೊಸಳೆಚರ್ಮದಂಥ ತೊಗಟೆಗೂ, ನಂದಿಯ ಬಿಳಿಚು ಕಾಂಡಕ್ಕೂ ಈ ಮಾತು ಸಲ್ಲುತ್ತದೆ.

ಕಲೆಗೆ ಮಾಹಿತಿಯ ಹಂಗೇಕೆ ಎಂದು ಕೇಳುವವರಿದ್ದಾರೆ. 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಸಂಗ್ರಹಾಲಯದಲ್ಲಿ ಪ್ರದರ್ಶನ ಮಾಡಿದ ಎಫ್‌/64 ಗುಂಪಿನ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್‌ಗಿಂತ ರೂಪದ ಹುಚ್ಚು ಹತ್ತಿದವರು ಕಡಿಮೆ. ಅವರ ಸೈಪ್ರೆಸ್ ಚಿತ್ರಗಳ ಹೆಸರಿನಲ್ಲಿ ಮರವೂ ಇದೆ, ಪಾಯಿಂಟ್ ಲೋಬೋಸ್ ಎಂಬ ಜಾಗವೂ ಇದೆ. ಕಲೆಗೆ ಅದರಿಂದ ಏನೂ ಕುಂದಾಗಲಿಲ್ಲ. ಜಾಗ ಹೇಳಿದರೆ ಜನ ಮುತ್ತುತ್ತಾರೆ ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಜಗತ್ತಿನ ಅತಿ ಎತ್ತರದ ಮರ ಹೈಪೀರಿಯನ್‌ನ ಬುಡವನ್ನು ಕುತೂಹಲಿಗಳು ತುಳಿದು ಹಾಳುಮಾಡಿದ್ದರಿಂದ 2022ರಲ್ಲಿ ಅದಿರುವ ಉತ್ತರ ಕ್ಯಾಲಿಫೋರ್ನಿಯಾದ ಉದ್ಯಾನ ಅಲ್ಲಿಗೆ ಪ್ರವೇಶ ನಿಷೇಧಿಸಿ, 5,000 ಡಾಲರ್ ದಂಡ, ಆರು ತಿಂಗಳ ಸೆರೆಯ ಎಚ್ಚರಿಕೆ ಕೊಡಬೇಕಾಯಿತು. ರೆಡ್‌ವುಡ್‌ನ ಬೇರು ಆಳಕ್ಕಿಳಿಯುವುದಿಲ್ಲ. ಕಾಲ್ತುಳಿತ ಅದಕ್ಕೆ ಕೇಡು. ಆದ್ದರಿಂದ ಎಲ್ಲರಿಗೂ ತೋರಿಸುವ ವಿಳಾಸ ಉದ್ಯಾನದ ಹೆಸರಿಗೇ ನಿಲ್ಲಲಿ, ಮೊಬೈಲ್‌ನ ಲೊಕೇಶನ್ ಆಫ್ ಇರಲಿ. ನಿಖರ ಜಾಗದ ಟಿಪ್ಪಣಿ ನಿಮ್ಮ ಬಳಿ ಇದ್ದರೆ ಸಾಕು. ನಮ್ಮ ಶ್ರೀಗಂಧಕ್ಕಂತೂ ಊರಿನ ಹೆಸರೂ ಬೇಡ, ಕಳ್ಳರಿಗೆ ಅಷ್ಟೇ ಸಾಕು! ಮರದ ಹೆಸರು ಗೊತ್ತಿಲ್ಲ ಎನ್ನುವುದು ಈಗ ನೆಪ ಮಾತ್ರ. ಬರ್ಕ್ಲಿಯ ವಿದ್ಯಾರ್ಥಿಗಳು 2008ರಲ್ಲಿ ಶುರುಮಾಡಿದ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಕೇಳಿದರೆ ತಿಳಿದವರು ಹೇಳುತ್ತಾರೆ. ಬರೀ ತೊಗಟೆ ನೋಡಿ ಗುರುತಿಸುವುದು ಕಷ್ಟ, ಎಲೆಯದೂ ಒಂದು ಫೋಟೊ ಇರಲಿ.

ಫೋಟೊ ಸ್ಪರ್ಧೆ ನಡೆಸುವ ಕನ್ನಡ ಕೂಟಗಳು, ನಮ್ಮ ಕ್ಯಾಮೆರಾ ಕ್ಲಬ್‌ಗಳು ಅರ್ಜಿಯಲ್ಲಿ ಕ್ಯಾಮೆರಾ, ಲೆನ್ಸ್‌ಗಳ ವಿವರ ಕೇಳುವುದಕ್ಕೆ ಮೊದಲು ಮರದ ಹೆಸರು, ಊರು, ತಾರೀಕು ಕೇಳಲಿ. ರಸ್ತೆ ಅಗಲಿಸಲು ಸಾಲುಮರಗಳನ್ನು ಕಡಿಯುತ್ತಿರುವ ನಮ್ಮ ಊರುಗಳಲ್ಲಿ ಇದನ್ನು ಈ ವರ್ಷವೇ ಶುರುಮಾಡಬೇಕು.